‘ಆಗುತ್ತೆ ಬಿಡಿ’ ಅನ್ನುವ ಅಭ್ಯರ್ಥಿಯನ್ನು ಏನು ಕೇಳಬೇಕು?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ, ಸುಮಾರು ಮುನ್ನೂರು ಮನೆ. ಮುಂದಿನ ವಿಧಾನಸಭಾ ಚುನಾವಣೆಯಲ್ಲಿ ಎಲ್ಲ ಅಭ್ಯರ್ಥಿಗಳನ್ನೂ ಊರಿಗೆ ಕರೆದು, ಒಂದೇ ಕಡೆ ಕೂರಿಸಿ ಪ್ರಶ್ನೆ ಕೇಳಬೇಕು ಅಂತ ನಾವು ಹತ್ತು ಹದಿನೈದು ಜನ ಹುಡುಗರು, ಹುಡುಗಿಯರು ಅಂದುಕೊಂಡಿದ್ದೇವೆ. ಹಿಂದಿನ ಸಲ ಪ್ರಚಾರಕ್ಕೆ ಬಂದ ಒಬ್ಬರನ್ನು ಕೇಳಿದ್ದೆವು: ರಸ್ತೆ, ಕುಡಿಯುವ ನೀರು, ಬಗರ್‌ಹುಕುಂ ಸಾಗುವಳಿ ಚೀಟಿ (ಅನುಮತಿ ಇಲ್ಲದೆ ಉಳುತ್ತಾ ಬಂದ ಸರ್ಕಾರಿ ಜಮೀನಿನ ಮಂಜೂರಾತಿ ಪತ್ರ), ಆಸ್ಪತ್ರೆಗೆ ಡಾಕ್ಟರು, ಬೆಳಿಗ್ಗೆ ಕಾಲೇಜಿಗೆ ಬಸ್ಸು, ಗೂಡಂಗಡಿಯಲ್ಲಿ ಮಾರುವ ಮದ್ಯ. ಎಲ್ಲದಕ್ಕೂ ‘ಆಗುತ್ತೆ ಬಿಡಿ’ ಅಂದರು. ಒಂದೂ ಆಗಲಿಲ್ಲ. ಹೇಗೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ?

ಉತ್ತರ: ನಿಮ್ಮ ಪಟ್ಟಿಯಲ್ಲಿ ತಪ್ಪಿಲ್ಲ. ಎಡವಟ್ಟಾಗಿರುವುದು ಕೇಳಿದ ರೀತಿಯಲ್ಲಿ. ‘ರಸ್ತೆ ಮಾಡಿಸ್ತೀರಾ ಸಾರ್?’ ಅಂದರೆ ಅದಕ್ಕಿರುವುದು ಒಂದೇ ಉತ್ತರ. ಓಟು ಕೇಳಲು ಬಂದವರು ‘ಇಲ್ಲಪ್ಪ, ಆಗಲ್ಲ’ ಅಂದಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ‘ಆಗುತ್ತೆ ಬಿಡಿ’ ಅನ್ನಲು ಕಾಸು ಖರ್ಚಿಲ್ಲ. ಅದೇ ಮಾತನ್ನು ತಿರುಗಿಸಿ ಕೇಳಿ ನೋಡಿ. ಈ ರಸ್ತೆ ಯಾವ ಇಲಾಖೆಯದ್ದು? ದುಡ್ಡು ಯಾವ ಲೆಕ್ಕದಿಂದ ತರುತ್ತೀರಿ? ಕೆಲಸ ಎಲ್ಲಿಗೆ ಬಂತು ಅಂತ ಯಾವಾಗ ಬಂದು ಹೇಳುತ್ತೀರಿ? ಇಷ್ಟು ಕೇಳಿದರೆ ತಲೆಯಾಡಿಸಿ ಪಾರಾಗಲು ಆಗುವುದಿಲ್ಲ.

ನಾನು ತಾಲ್ಲೂಕು ಮಟ್ಟದ ಕಚೇರಿಗಳಲ್ಲಿ ದುಡಿದು ನಿವೃತ್ತನಾದವನು. ಮೇಜಿನ ಆ ಕಡೆ ಕೂತು ನೋಡಿದ್ದನ್ನೇ ಹೇಳುತ್ತೇನೆ. ನನ್ನ ಅಳತೆಗೋಲು ಒಂದೇ: ‘ಇದು ನನ್ನ ಕೈಯಲ್ಲಿಲ್ಲ, ಆದರೆ ಇಷ್ಟು ಮಾಡಬಲ್ಲೆ’ ಅನ್ನುವ ಅಭ್ಯರ್ಥಿ ಸಿಕ್ಕರೆ ಅವರಿಗೆ ಜಾಸ್ತಿ ಅಂಕ ಕೊಡಿ. ಕೆಲಸ ಗೊತ್ತಿರುವವರಿಗೆ ಮಾತ್ರ ‘ಕೈಯಲ್ಲಿಲ್ಲ’ ಅಂತ ಧೈರ್ಯವಾಗಿ ಹೇಳಲು ಆಗುತ್ತದೆ.

ಶಾಸಕರು ಅಂದರೆ ಊರಿನ ಅಹವಾಲು ಹೊತ್ತುಕೊಂಡು ಹೋಗುವವರು ಅನ್ನುವ ಭಾವನೆ ನಮ್ಮಲ್ಲಿ ತುಂಬ ಹಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರುವಾಯಿತು. ತಾಲ್ಲೂಕುಗಳಿಂದ ಬಂದವರು ದಸರಾ ಹೊತ್ತಿಗೆ ಅಲ್ಲಿ ಸೇರಿ ತಮ್ಮ ಕಡೆಯ ಕಷ್ಟ ಹೇಳಿಕೊಳ್ಳುತ್ತಿದ್ದರು. ಆ ಸಭೆಗೆ ಹೇಳುವ ಅವಕಾಶ ಇತ್ತು, ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಇವತ್ತಿನ ಶಾಸಕರಿಗೆ ಆ ಅಧಿಕಾರ ಇದೆ. ಆದರೆ ನಾವು ಇನ್ನೂ ಚರಂಡಿ, ಬೀದಿದೀಪದ ಅರ್ಜಿ ಹಿಡಿದೇ ಅವರ ಮನೆ ಮುಂದೆ ನಿಲ್ಲುತ್ತೇವೆ.

ಪೂರ್ತಿ ನಮ್ಮ ತಪ್ಪು ಅಂತಲೂ ಅಲ್ಲ. ಚರಂಡಿ, ಬೀದಿದೀಪ, ನಲ್ಲಿ ಇವೆಲ್ಲ ಗ್ರಾಮ ಪಂಚಾಯಿತಿಯ ಕೆಲಸ. ಅದರ ಮೇಲೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಇರಬೇಕು. ಆ ಎರಡಕ್ಕೂ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದವು. ನಡುವಿನ ಮೆಟ್ಟಿಲು ಇಲ್ಲ ಅಂದಮೇಲೆ ಜನ ನೇರವಾಗಿ ಶಾಸಕರ ಹತ್ತಿರ ಹೋಗದೆ ಇನ್ನೇನು ಮಾಡುತ್ತಾರೆ? 1980ರ ದಶಕದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರಂಥವರು ಅಧಿಕಾರವನ್ನು ಹಳ್ಳಿಗೆ ಇಳಿಸಲು ಅಷ್ಟು ಒದ್ದಾಡಿದ ರಾಜ್ಯ ಇದು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ಇದೇ ಇರಲಿ: ‘ಪಂಚಾಯಿತಿ ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಲಿ ಅಂತ ನೀವು ಸದನದಲ್ಲಿ ದನಿ ಎತ್ತುತ್ತೀರಾ? ಜಿಲ್ಲಾ ಪಂಚಾಯಿತಿ ಸದಸ್ಯರು ಇದ್ದರೆ ನಿಮಗೆ ತೊಂದರೆಯೋ, ಅನುಕೂಲವೋ?’ ಉತ್ತರಕ್ಕಿಂತ ಮುಖ ನೋಡಿ.

ಇನ್ನು ರಸ್ತೆ. ಮೊದಲು ನೀವೇ ಒಂದು ಸಣ್ಣ ಹೋಂವರ್ಕ್ ಮಾಡಬೇಕು. ನಿಮ್ಮೂರ ರಸ್ತೆ ಲೋಕೋಪಯೋಗಿ ಇಲಾಖೆಯ ಜಿಲ್ಲಾ ಮುಖ್ಯ ರಸ್ತೆಯೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಗ್ರಾಮೀಣ ರಸ್ತೆಯೋ, ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಆದದ್ದೋ ಕಂಡುಕೊಳ್ಳಿ. ಸಡಕ್ ಯೋಜನೆಯ ರಸ್ತೆಯಾದರೆ ಮಾಡಿ ಮುಗಿಸಿದ ಮೇಲೆ 5 ವರ್ಷ ಅದನ್ನು ನೋಡಿಕೊಳ್ಳುವುದು ಗುತ್ತಿಗೆದಾರರ ಹೊಣೆ. ಎರಡನೇ ಮಳೆಗೇ ಗುಂಡಿ ಬಿದ್ದ ರಸ್ತೆಗೆ ಹೊಸ ಅನುದಾನ ತರುತ್ತೇನೆ ಅಂತ ಯಾರಾದರೂ ಹೇಳಿದರೆ, ಹಳೇ ಗುತ್ತಿಗೆದಾರರ ಕೈಯಲ್ಲಿ ರಿಪೇರಿ ಯಾಕೆ ಮಾಡಿಸಲಿಲ್ಲ ಅಂತ ಕೇಳಬೇಕು.

ಆಮೇಲೆ ದುಡ್ಡು. ‘ನನ್ನ ಅನುದಾನದಲ್ಲಿ ಮಾಡಿಸುತ್ತೇನೆ’ ಅನ್ನುವ ಮಾತು ಬರುತ್ತದೆ, ಬಂದೇ ಬರುತ್ತದೆ. ಕರ್ನಾಟಕದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. 5 ವರ್ಷಕ್ಕೆ 10 ಕೋಟಿ. ಕೇಳಲು ದೊಡ್ಡದು. ನಿಮ್ಮ ಕ್ಷೇತ್ರದಲ್ಲಿ 200 ಊರು ಇವೆ ಅಂದುಕೊಳ್ಳಿ, ಭಾಗಿಸಿ. ಒಂದು ಊರಿಗೆ ವರ್ಷಕ್ಕೆ 1 ಲಕ್ಷ. ಒಂದು ಬಸ್ ತಂಗುದಾಣಕ್ಕೋ, ಸಮುದಾಯ ಭವನದ ಕಾಂಪೌಂಡಿಗೋ ಆದೀತು. ರಸ್ತೆಗೆ ಎಲ್ಲಿ ಸಾಕು? ಆ ದುಡ್ಡು ಕೂಡ ಶಾಸಕರ ಜೇಬಿನಲ್ಲಿ ಇರುವುದಿಲ್ಲ. ಅವರು ಕೆಲಸ ಸೂಚಿಸುತ್ತಾರೆ, ಬಿಡುಗಡೆ ಆಗುವುದು ಜಿಲ್ಲಾಧಿಕಾರಿಗಳ ಮೂಲಕ. ದೊಡ್ಡ ರಸ್ತೆಗೆ ಇಲಾಖೆಯ ದುಡ್ಡೇ ಬೇಕು, ಅಂದರೆ ಬಜೆಟ್ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಓಡಾಡಿ ತರಬೇಕು. ‘ನಿಮ್ಮ 2 ಕೋಟಿಯನ್ನು ಊರುಗಳಿಗೆ ಯಾವ ಲೆಕ್ಕದಲ್ಲಿ ಹಂಚುತ್ತೀರಿ? ಪಟ್ಟಿಯನ್ನು ಪ್ರತಿವರ್ಷ ಪಂಚಾಯಿತಿ ಗೋಡೆಗೆ ಅಂಟಿಸುತ್ತೀರಾ?’ ಇದು ಒಳ್ಳೇ ಪ್ರಶ್ನೆ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದನ್ನು ಹೇಳಲೇಬೇಕಾಗುತ್ತದೆ.

ಗುದ್ದಲಿ ಪೂಜೆ ಬಗ್ಗೆ ಒಂದು ಮಾತು. ಒಂದು ರಸ್ತೆಗೆ ಅಂದಾಜು ಪಟ್ಟಿ ಆಗಬೇಕು, ಕ್ರಿಯಾ ಯೋಜನೆಗೆ ಸೇರಬೇಕು, ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ ಸಿಗಬೇಕು, ಟೆಂಡರ್ ಆಗಬೇಕು, ಕಾರ್ಯಾದೇಶ ಕೊಡಬೇಕು. ಗುದ್ದಲಿ ಪೂಜೆ ಈ ಸಾಲಿನಲ್ಲಿ ಎಲ್ಲೂ ಇಲ್ಲ! ಅದು ಫೋಟೋಗೆ. ನೀತಿ ಸಂಹಿತೆ ಜಾರಿಯಾದ ಮೇಲೆ ಶಂಕುಸ್ಥಾಪನೆ ಮಾಡುವಂತಿಲ್ಲ. ಅದಕ್ಕೇ ಚುನಾವಣೆ ದಿನಾಂಕ ಇವತ್ತೋ ನಾಳೆಯೋ ಅನ್ನುವಾಗ ಒಂದೇ ದಿನ ಹತ್ತು ಕಡೆ ಹಾರೆ, ಗುದ್ದಲಿ ಹೊರಬೀಳುತ್ತವೆ. ಈಗಿನ ಶಾಸಕರೇ ಮತ್ತೆ ನಿಂತಿದ್ದರೆ, ‘ಪೂಜೆ ಮಾಡಿದ ಕೆಲಸಕ್ಕೆ ಟೆಂಡರ್ ಆಗಿತ್ತಾ? ಕಾರ್ಯಾದೇಶದ ತಾರೀಖು ಯಾವುದು?’ ಅಂತ ಮೆತ್ತಗೆ ಕೇಳಿ. ಜಗಳದ ದನಿ ಬೇಡ.

ನೀರಿನ ಪ್ರಶ್ನೆಯಲ್ಲಿ ಜನ ಸಾಮಾನ್ಯವಾಗಿ ನಲ್ಲಿ ಕೇಳುತ್ತಾರೆ. ನಲ್ಲಿ ಈಗ ಬಹಳ ಕಡೆ ಇದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಮನೆಮನೆಗೆ ಪೈಪ್ ಎಳೆದರು. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಅದರ ಗುರಿ. ಆದರೆ ಪೈಪಿನ ಆ ತುದಿಯಲ್ಲಿ ಏನಿದೆ? ನಿಮ್ಮ ಕಡೆ ಅದೇ ಹಳೇ ಬೋರ್‌ವೆಲ್ ಇರುತ್ತದೆ. ಬೇಸಿಗೆಗೆ ಬೋರ್ ಬತ್ತಿದರೆ ನಲ್ಲಿ ಬರೀ ಗಾಳಿ ಬಿಡುತ್ತದೆ. ಆದ್ದರಿಂದ ನೀರಿನ ಮೂಲ ಕೇಳಿ. ನಮ್ಮ ಊರು ಬಹುಗ್ರಾಮ ಯೋಜನೆಗೆ ಸೇರಿದೆಯಾ? ಯಾವ ಕೆರೆ, ಯಾವ ನಾಲೆಯಿಂದ ನೀರು? ಕೆರೆ ತುಂಬಿಸುವ ಪಟ್ಟಿಯಲ್ಲಿ ನಮ್ಮ ಕೆರೆ ಇದೆಯಾ? ಹೂಳು ಯಾರು ತೆಗೆಸುತ್ತಾರೆ?

ಪಶ್ಚಿಮ ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಹೆಸರು ಬಂದರೆ ಸ್ವಲ್ಪ ಎಚ್ಚರ ಇರಲಿ. ಬಯಲುಸೀಮೆಯ ಚುನಾವಣೆಗಳಲ್ಲಿ ಅದು ಸುಲಭವಾಗಿ ಸಿಗುವ ಮಾತು. ಅಡಿಗಲ್ಲು ಬಿದ್ದದ್ದು 2014ರಲ್ಲಿ. ಮೊದಲ ಹಂತದಲ್ಲಿ ನೀರೆತ್ತಲು ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ನಡುವೆ 2018, 2023 ಅಂತ ಎರಡು ವಿಧಾನಸಭಾ ಚುನಾವಣೆ ಆಗಿಹೋದವು. ಇಷ್ಟು ದೊಡ್ಡ ಯೋಜನೆಯನ್ನು 224 ಶಾಸಕರಲ್ಲಿ ಒಬ್ಬರು ‘ತರಿಸುತ್ತೇನೆ’ ಅನ್ನಲು ಬರುವುದಿಲ್ಲ. ಆದರೆ ನಾಲೆ ನಿಮ್ಮ ತಾಲ್ಲೂಕಿಗೆ ಬಂದರೆ ಯಾವ ಯಾವ ಕೆರೆಗೆ ಕವಲು ಹೋಗಬೇಕು ಅಂತ ಹಟ ಹಿಡಿದು ಪಟ್ಟಿಗೆ ಸೇರಿಸುವ ಕೆಲಸ ಇದೆಯಲ್ಲ, ಅದು ಅವರಿಂದ ಆಗುವಂಥದ್ದು.

ಈಗ ಬಗರ್‌ಹುಕುಂ. ನಿಮ್ಮ ಪಟ್ಟಿಯಲ್ಲಿ ಇದನ್ನು ಮೂರನೆಯದಾಗಿ ಬರೆದಿದ್ದೀರಿ. ನಾನಾದರೆ ಆ ಆರರಲ್ಲಿ ಮೊದಲಿಗೆ ತರುತ್ತೇನೆ. ಯಾಕೆ ಅಂದರೆ ಇದು ನಿಜಕ್ಕೂ ಶಾಸಕರ ಮೇಜಿನ ಮೇಲೆ ಇರುವ ಕೆಲಸ. ಭೂಕಂದಾಯ ಕಾಯ್ದೆಯಡಿ ರಚನೆಯಾಗುವ ಸಕ್ರಮೀಕರಣ ಸಮಿತಿಗೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಮಿತಿ ರಚನೆ ಆಗದಿದ್ದರೆ ಅರ್ಜಿಗಳು ಕಟ್ಟು ಕಟ್ಟಾಗಿ ಕಪಾಟಿನಲ್ಲಿ ಕೂರುತ್ತವೆ. ಸಮಿತಿ ಆಗಿಯೂ ಸಭೆ ಕರೆಯದಿದ್ದರೆ ಅದೇ ಕಥೆ.

ಊರಿನಲ್ಲಿ ‘ನಮೂನೆ 50’, ‘53’, ‘57’ ಅನ್ನುವ ಮಾತು ಕೇಳಿರುತ್ತೀರಿ. 50 ಮತ್ತು 53 ಹಳೆಯವು, 1990ರ ದಶಕದಲ್ಲಿ ಹಾಕಿದ ಅರ್ಜಿಗಳು. 57 ಬಂದದ್ದು 2018ರಲ್ಲಿ, 2005ರ ಜನವರಿಗೆ ಮುಂಚಿನಿಂದ ಸಾಗುವಳಿ ಮಾಡುತ್ತಿದ್ದವರಿಗಾಗಿ. 57ರಲ್ಲಿ ಅರ್ಜಿ ರಾಶಿ ರಾಶಿ ಬಿದ್ದಿವೆ, ಆದರೆ ಅದರಲ್ಲಿ ತಿರಸ್ಕಾರ ಆಗುವಂಥವೂ ಬಹಳ. ಅರ್ಜಿದಾರನಿಗೆ ಆಗ 18 ವರ್ಷ ಆಗಿರಲಿಲ್ಲ, ಜಮೀನು ಅರಣ್ಯದ್ದು, ಊರಿನ ದನಗಳಿಗೆ ಬೇಕಾದಷ್ಟು ಗೋಮಾಳ ಉಳಿಯುವುದಿಲ್ಲ, ಹೀಗೆ. ಗೋಮಾಳಕ್ಕೆ ನೂರು ಜಾನುವಾರಿಗೆ 30 ಎಕರೆ ಅನ್ನುವ ಲೆಕ್ಕ ಇದೆ. ‘ಎಲ್ಲರಿಗೂ ಸಾಗುವಳಿ ಚೀಟಿ ಕೊಡಿಸುತ್ತೇನೆ’ ಅಂದವರಿಗೆ ಈ ನಿಯಮ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ನಾನು ಕೆಲಸದಲ್ಲಿದ್ದಾಗಿನ ಒಂದು ದಿನ ಇನ್ನೂ ನೆನಪಿದೆ. ಸಮಿತಿ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಅಂತ ನೋಟಿಸ್ ಹೋಗಿತ್ತು. ಅಧ್ಯಕ್ಷರು ಬಂದದ್ದು ಮೂರು ಗಂಟೆಗೆ. ಯಾವುದೋ ಮದುವೆಗೆ ಹೋಗಬೇಕು ಅಂತ ನಾಲ್ಕಕ್ಕೆ ಎದ್ದರು. ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜ ಬಟ್ಟೆ ಚೀಲದಲ್ಲಿ ಟಿ.ಟಿ. ದಂಡದ ರಸೀದಿಗಳನ್ನು ಹಿಡಿದು ಕೂತಿದ್ದ. ಸರ್ಕಾರಿ ಜಮೀನು ಉಳುತ್ತಿದ್ದಾನೆ ಅಂತ ಸರ್ಕಾರವೇ ಹಾಕಿದ ದಂಡಕ್ಕೆ ಕೊಟ್ಟ ರಸೀದಿ. ಅವನ ಪಾಲಿಗೆ ಅದೇ ದೊಡ್ಡ ಸಾಕ್ಷಿ. ಕೆಲವು ರಸೀದಿಗಳು ಮಡಿಕೆಯಲ್ಲಿ ಹರಿದು ಎರಡಾಗಿದ್ದವು. ಅವನ ಕಡತದ ಸರದಿ ಅವತ್ತು ಬರಲೇ ಇಲ್ಲ. ಮುಂದಿನ ಸಭೆ ಎಂಟು ತಿಂಗಳ ಮೇಲೆ ಆಯಿತು.

ಹಾಗಾಗಿ ಅಭ್ಯರ್ಥಿಗಳಿಗೆ ಕೇಳಬೇಕಾದ್ದು ಹೀಗೆ: ಗೆದ್ದ ಮೇಲೆ ಎಷ್ಟು ತಿಂಗಳೊಳಗೆ ಸಮಿತಿ ಮಾಡಿಸುತ್ತೀರಿ? ತಿಂಗಳಿಗೆ ಎಷ್ಟು ಸಭೆ? ತಿರಸ್ಕಾರವಾದ ಅರ್ಜಿಗೆ ಕಾರಣ ಬರೆದುಕೊಡುತ್ತೀರಾ? ಯಾವ ಊರಿನ ಎಷ್ಟು ಅರ್ಜಿ ಬಾಕಿ ಅಂತ ಪಟ್ಟಿ ಹಾಕುತ್ತೀರಾ? ಈಗ ಜಮೀನು ಸಾಗುವಳಿ ಆಗಿತ್ತೋ ಇಲ್ಲವೋ ಅಂತ ಉಪಗ್ರಹ ಚಿತ್ರ ನೋಡಿ ತಾಳೆ ಹಾಕುವ ಆಪ್ ಬಂದಿದೆ. ನಕಲಿ ಅರ್ಜಿ ಸೋಸಲು ಅದು ಒಳ್ಳೆಯದೇ. ಆದರೆ ಮಳೆ ಇಲ್ಲದ ವರ್ಷ ಬೀಳು ಬಿಟ್ಟ ಹೊಲ ಚಿತ್ರದಲ್ಲಿ ಹೇಗೆ ಕಾಣುತ್ತದೆ? ಅಂಥ ಅರ್ಜಿಗೆ ಸ್ಥಳ ತನಿಖೆ ಮಾಡಿಸುತ್ತೀರಾ ಅಂತ ಕೇಳಿ. ಇಲ್ಲಿ ‘ಆಗುತ್ತೆ ಬಿಡಿ’ ನಡೆಯುವುದಿಲ್ಲ.

ಡಾಕ್ಟರು, ಬಸ್ಸು ಎರಡನ್ನೂ ಬೇಗ ಮುಗಿಸುತ್ತೇನೆ. ವೈದ್ಯರನ್ನು ನೇಮಿಸುವುದು ಆರೋಗ್ಯ ಇಲಾಖೆ, ಶಾಸಕರಲ್ಲ. ಹುದ್ದೆಯೇ ಮಂಜೂರಾಗಿಲ್ಲವೋ, ಮಂಜೂರಾಗಿ ಖಾಲಿ ಇದೆಯೋ, ಭರ್ತಿಯಾದವರು ಬೇರೆ ಕಡೆ ನಿಯೋಜನೆ ಮೇಲೆ ಹೋಗಿದ್ದಾರೋ, ಮೂರೂ ಬೇರೆ ಬೇರೆ ಕಾಯಿಲೆ. ಮೂರನೆಯದನ್ನು ಶಾಸಕರು ಮನಸ್ಸು ಮಾಡಿದರೆ ಬೇಗ ಸರಿ ಮಾಡಿಸಬಹುದು. ಬಸ್ಸಿನ ಸಮಯ, ಮಾರ್ಗ ನೋಡಿಕೊಳ್ಳುವುದು ಸಾರಿಗೆ ನಿಗಮದ ಡಿಪೋ ಮತ್ತು ವಿಭಾಗೀಯ ಕಚೇರಿ. ಬೆಳಿಗ್ಗೆ ಎಷ್ಟು ಜನ ಮಕ್ಕಳು ಎಲ್ಲಿಂದ ಎಲ್ಲಿಗೆ ಅಂತ ಒಂದು ವಾರದ ಲೆಕ್ಕ ಬರೆದು, ಕಾಲೇಜಿನ ಸಹಿ ಹಾಕಿಸಿ ಕೊಡಿ. ಚುನಾವಣೆವರೆಗೂ ಕಾಯಬೇಡಿ, ಈ ವಾರವೇ ಮಾಡಿ.

ಇವೆಲ್ಲಕ್ಕೂ ಒಂದು ಜಾಗ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮೂರು ತಿಂಗಳಿಗೊಮ್ಮೆ ತಾಲ್ಲೂಕಿನಲ್ಲಿ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ ನಡೆಯಬೇಕು, ಶಾಸಕರದ್ದೇ ಅಧ್ಯಕ್ಷತೆ. ಎಲ್ಲ ಇಲಾಖೆಯವರೂ ಅಲ್ಲಿ ಬಂದು ಲೆಕ್ಕ ಒಪ್ಪಿಸುತ್ತಾರೆ. ಒಳ್ಳೇ ಶಾಸಕರು ಹಿಂದಿನ ಸಭೆಯ ನಡಾವಳಿ ಹಿಡಿದೇ ಕೂರುತ್ತಾರೆ. ‘ಹೋದ ಸಲ ಹೇಳಿದ್ದು ಏನಾಯಿತು?’ ಅನ್ನುವ ಒಂದೇ ಮಾತಿಗೆ ಅಧಿಕಾರಿಗಳು ನೀರು ಕುಡಿಯುವುದನ್ನು ನೋಡಿದ್ದೇನೆ, ನಾನೂ ಕುಡಿದಿದ್ದೇನೆ. ಇನ್ನು ಕೆಲವರಿಗೆ ಕೆಡಿಪಿ ಅಂದರೆ ಬೈಗುಳ ಮತ್ತು ಕ್ಯಾಮೆರಾ. ಬೈದ ದಿನ ಟಿವಿಯಲ್ಲಿ ಬರುತ್ತದೆ, ಮುಂದಿನ ಸಭೆ ಯಾವಾಗ ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಸದನದ ಬಗ್ಗೆ ಒಂದು ಪ್ರಶ್ನೆಯಾದರೂ ಇರಲಿ. ನಿಮ್ಮ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಸೇರಬೇಕು ಅಂತ ಕರ್ನಾಟಕದಲ್ಲಿ 2005ರ ಕಾಯ್ದೆಯೇ ಇದೆ. ಅಷ್ಟು ದಿನ ಸೇರುವುದು ಅಪರೂಪ. ಸೇರಿದ ದಿನಗಳಲ್ಲಿ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು) ಕೇಳಬಹುದು, ಗಮನ ಸೆಳೆಯುವ ಸೂಚನೆ ಕೊಡಬಹುದು. ಇದರಿಂದ ನಮ್ಮೂರಿಗೆ ಏನು ಅನ್ನುತ್ತೀರಾ? ಜಾತ್ರೆಯ ವೇದಿಕೆ ಮೇಲೆ ಮಂತ್ರಿ ಕೊಟ್ಟ ಮಾತನ್ನು ಯಾರೂ ಬರೆದಿಡುವುದಿಲ್ಲ. ಅದೇ ಮಂತ್ರಿ ಸದನದಲ್ಲಿ ‘ಮಾಡುತ್ತೇವೆ’ ಅಂದರೆ ಅದು ದಾಖಲೆಗೆ ಹೋಗುತ್ತದೆ. ಆ ಮಾತು ಏನಾಯಿತು ಅಂತ ಬೆನ್ನು ಹತ್ತಲು ‘ಸರ್ಕಾರಿ ಭರವಸೆಗಳ ಸಮಿತಿ’ ಅಂತಲೇ ಒಂದಿದೆ. ‘ನಮ್ಮ ತಾಲ್ಲೂಕಿನ ಯಾವ ವಿಷಯದ ಮೇಲೆ ಮೊದಲ ಪ್ರಶ್ನೆ ಹಾಕುತ್ತೀರಿ?’ ಅಂತ ಕೇಳಿ. ಯೋಚನೆ ಮಾಡಿ ಉತ್ತರ ಕೊಟ್ಟವರು ಬೆಳಗಾವಿಯ ಸುವರ್ಣಸೌಧಕ್ಕೂ ಯೋಚನೆ ಮಾಡಿಯೇ ಹೋಗುತ್ತಾರೆ.

ಮದ್ಯದ ಪ್ರಶ್ನೆ ಹೆಣ್ಣುಮಕ್ಕಳೇ ಕೇಳಲಿ. ಗೂಡಂಗಡಿಯಲ್ಲಿ ಮಾರುವುದು ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹೊಸ ಕಾನೂನೇನೂ ಬೇಕಿಲ್ಲ, ಇರುವುದನ್ನು ನಡೆಸಿದರೆ ಸಾಕು. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಕಳಿಸಿ, ಆಮೇಲೆ ಅಭ್ಯರ್ಥಿಗೆ ಕೇಳಿ: ‘ಈ ನಿರ್ಣಯ ಹಿಡಿದು ಅಬಕಾರಿ ಇಲಾಖೆಗೆ ಪತ್ರ ಬರೆಯುತ್ತೀರಾ? ಈ ಚುನಾವಣೆಯಲ್ಲಿ ನಮ್ಮೂರಿಗೆ ಬಾಟಲಿ ಕಳಿಸುವುದಿಲ್ಲ ಅಂತ ಇಲ್ಲೇ ಹೇಳುತ್ತೀರಾ?’ ಎರಡನೇ ಪ್ರಶ್ನೆಗೆ ಸಭೆ ಒಂದು ಕ್ಷಣ ಗಪ್‌ಚಿಪ್ ಆಗುತ್ತದೆ, ನೋಡಿ ಬೇಕಾದರೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ‘ಒಂದು ಓಟು, ಒಂದು ನೋಟು’ ಅಂತ ಜನರಿಂದಲೇ ದುಡ್ಡು ಕೇಳಿ ಗೆದ್ದ ನಾಡು ಇದು. ಈಗ ನೋಟು ಹರಿಯುವ ದಿಕ್ಕು ತಿರುಗಿದೆ. ವಿಧಾನಸಭಾ ಅಭ್ಯರ್ಥಿಯ ಖರ್ಚಿಗೆ 2022ರಿಂದ 40 ಲಕ್ಷ ಮಿತಿ ಇದೆ. ಹಂಚುವುದು ಕಣ್ಣಿಗೆ ಬಿದ್ದರೆ ಚುನಾವಣಾ ಆಯೋಗದ ಸಿವಿಜಿಲ್ ಆಪ್‌ನಲ್ಲಿ ಫೋಟೋ ಹಾಕಿ. ದೂರನ್ನು 100 ನಿಮಿಷದಲ್ಲಿ ಇತ್ಯರ್ಥ ಮಾಡಬೇಕು ಅನ್ನುವುದು ಆಯೋಗದ ಗುರಿ.

ಸಭೆಗೆ ಮುಂಚೆ ಎರಡು ಕಾಗದ ಓದಿಕೊಳ್ಳಿ. ಒಂದು, ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ಓದು, ಹಿಂದಿನ 5 ವರ್ಷದ ಆದಾಯ ಎಲ್ಲ ಅದರಲ್ಲಿ ಇರುತ್ತದೆ, ಆಯೋಗದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಎರಡನೆಯದಕ್ಕೆ ಈಗಿನಿಂದಲೇ ಕೆಲಸ ಶುರು ಮಾಡಬೇಕು. ಈಗಿನ ಶಾಸಕರ ನಿಧಿಯಲ್ಲಿ ಆದ ಕೆಲಸಗಳ ಪಟ್ಟಿ, ಕೆಡಿಪಿ ಸಭೆಗಳ ತಾರೀಖು, ಬಗರ್‌ಹುಕುಂ ಸಮಿತಿ ಎಷ್ಟು ಸಲ ಸೇರಿತು, ಇವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕಬೇಕಾಗುತ್ತದೆ. ಅದಕ್ಕೇ ಈಗಿನಿಂದಲೇ ಅಂದೆ.

ಸಭೆ ನಡೆಸುವಾಗ ಗುಡಿಯ ಅಂಗಳ ಬೇಡ. ಪೂಜಾಸ್ಥಳಗಳನ್ನು ಪ್ರಚಾರಕ್ಕೆ ಬಳಸುವಂತಿಲ್ಲ, ಸುಮ್ನೆ ಯಾಕೆ ತಕರಾರು? ಚುನಾವಣಾಧಿಕಾರಿ ಕಚೇರಿಯಿಂದ ಅನುಮತಿ ಪಡೆಯಿರಿ. ಮತದಾನ ಮುಗಿಯುವ ಹೊತ್ತಿಗಿಂತ ಹಿಂದಿನ 48 ಗಂಟೆಗಳಲ್ಲಿ ಬಹಿರಂಗ ಸಭೆ ಮಾಡುವಂತಿಲ್ಲ, ಅದಕ್ಕೆ ಮುಂಚೆ ದಿನ ಇಟ್ಟುಕೊಳ್ಳಿ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಥರದ ಪತ್ರ ಬರೆಯಿರಿ, ಪಕ್ಷೇತರರನ್ನು ಬಿಡಬೇಡಿ. ಹಾರ, ಶಾಲು, ಪಟಾಕಿ ಏನೂ ಬೇಡ. ಆರೇ ಪ್ರಶ್ನೆ ಆರಿಸಿ, ಮೂರು ದಿನ ಮೊದಲೇ ಕಳಿಸಿ. ದಿಢೀರ್ ಅಂತ ಕೇಳಿ ಸಿಕ್ಕಿಹಾಕಿಸುವುದರಲ್ಲಿ ಮಜಾ ಇರಬಹುದು, ಮಾಹಿತಿ ಸಿಗುವುದಿಲ್ಲ. ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಸಭೆ ಮುಗಿಯುವ ಮುಂಚೆ ಎಲ್ಲರೆದುರು ಓದಿ, ಸರಿ ಇದ್ದರೆ ಅಭ್ಯರ್ಥಿಯಿಂದ ಸಹಿ ಹಾಕಿಸಿಕೊಳ್ಳಿ. ಕೋರ್ಟಿನಲ್ಲಿ ಆ ಸಹಿಗೆ ಬೆಲೆ ಇಲ್ಲ, ಆದರೆ ಗೆದ್ದವರ ಮೊದಲ ಕೆಡಿಪಿ ಸಭೆಯ ದಿನ ಆ ಹಾಳೆಯ ಜೆರಾಕ್ಸ್ ಅವರ ಕೈಗೆ ಕೊಡಬಹುದು.

ಕೆಲವರು ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಅವರ ಹೆಸರಿನ ಮುಂದೆ ‘ಬರಲಿಲ್ಲ’ ಅಂತ ಬರೆದು ಮುಂದಿನವರಿಗೆ ಹೋಗಿ. ಮಾರನೇ ದಿನ ಅವರ ಕಡೆಯವರು ಕರಪತ್ರ ಹಿಡಿದು ಮನೆಮನೆಗೆ ಬಂದೇ ಬರುತ್ತಾರೆ, ಆಗ ಅವರ ಕೈಗೂ ಆ ಆರು ಪ್ರಶ್ನೆಯ ಹಾಳೆ ಕೊಟ್ಟು ಕಳಿಸಿ.